ಬಜ್ಪೆಯ ವಿಮಾನ, ಮೂಲ್ಕಿಯ ರೈಲು

ಮಂಗಳೂರಿಗೂ ಮುಂಬಯಿಗೂ ನಡುವೆ ಆಕಾಶದಲ್ಲಿ ನೇರ ಅಳೆದರೆ ಸುಮಾರು 710 ಕಿಲೋಮೀಟರ್. ವಿಮಾನದ ಟಿಕೆಟಿನಲ್ಲಿ ಒಂದೂವರೆ ಗಂಟೆ ಎಂದಿರುತ್ತದೆ. ಈ ಸೌಕರ್ಯ ನಿನ್ನೆ ಮೊನ್ನೆ ಬಂದದ್ದಲ್ಲ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಜ್ಪೆಗೆ ಬಂದಿಳಿದಾಗಲೇ ಅಲ್ಲಿಯ ನಿಲ್ದಾಣ ಶುರುವಾಯಿತು. ನಾನು ಹುಟ್ಟಿದ್ದು ಅದಾಗಿ ಹತ್ತು ವರ್ಷ ಕಳೆದ ಮೇಲೆ, ಕಿನ್ನಿಗೋಳಿಯ ಕಡೆ, ಬಜ್ಪೆಗೆ ಬಹಳ ದೂರವೇನೂ ಅಲ್ಲದ ಒಂದು ಮನೆಯಲ್ಲಿ. ಮೋಡವಿಲ್ಲದ ದಿನ ವಿಮಾನ ಇಳಿಯಲು ತಗ್ಗುವುದು ನಮ್ಮ ಅಂಗಳದಿಂದ ಕಾಣುತ್ತಿತ್ತು. ಮಳೆಗಾಲದಲ್ಲಿ ಸದ್ದು ಮಾತ್ರ.

ನಮ್ಮ ಅಜ್ಜಿಗೆ ಆ ಸದ್ದೇ ಗಡಿಯಾರ. "ಬೊಂಬಾಯಿಯ ವಿಮಾನ ಬಂತು, ಅಕ್ಕಿ ಹಾಕು" ಎಂದು ಒಳಗೆ ಕೂಗಿ ಹೇಳುವರು. ಅವರ ಒಬ್ಬನೇ ಮಗ, ಎಂದರೆ ನನ್ನ ಸೋದರಮಾವ, ಬೊಂಬಾಯಿಯ ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿದ್ದರು. ಹನ್ನೆರಡನೆಯ ವಯಸ್ಸಿಗೆ ಟೇಬಲ್ ಒರೆಸುವುದಕ್ಕೆ ಸೇರಿ, ರಾತ್ರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿ, ಮುಂದೆ ಗಲ್ಲೆಯಲ್ಲಿ ಕೂರುವಷ್ಟು ಧಣಿಗಳ ವಿಶ್ವಾಸ ಗಳಿಸಿದವರು. ಅವರು ಇರುವ ಊರಿನಿಂದ ಕೆಲವೇ ಗಂಟೆಗಳ ಹಿಂದೆ ಹೊರಟ ವಿಮಾನ ದಿನವೂ ನಮ್ಮ ತೆಂಗಿನ ಮರಗಳ ಮೇಲೆ ಹಾದುಹೋಗುತ್ತಿತ್ತು. ಮಾವ ಬರುತ್ತಿದ್ದದ್ದು ಎರಡು ಮೂರು ವರ್ಷಕ್ಕೊಮ್ಮೆ.

ಹುಡುಗನಾಗಿದ್ದಾಗ ನನಗೆ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ವಿಮಾನ ಇದ್ದದ್ದು ದೊಡ್ಡವರಿಗೆ, ಡಾಕ್ಟರುಗಳಿಗೆ, ಮಿಲ್ಲಿನ ಮಾಲಿಕರಿಗೆ. ನಮ್ಮ ಕಡೆಯ ನೂರಾರು ಮನೆಗಳಿಂದ ಬೊಂಬಾಯಿಗೆ ಹೋದ ಹುಡುಗರು ನೆಲದ ಮೇಲೆ, ಅದಕ್ಕೂ ಹಿಂದಿನವರು ನೀರಿನ ಮೇಲೆ ಹೋದವರು. ಅಜ್ಜನ ಕಾಲದಲ್ಲಿ ಆಗಬೋಟು. ಮಳೆಗಾಲ ಬಂತೆಂದರೆ ಕಡಲು ಮುಚ್ಚುತ್ತಿತ್ತು, ಬೋಟು ನಿಲ್ಲುತ್ತಿತ್ತು, ಹೋದವರು ಅಲ್ಲಿಯೇ ಉಳಿಯುತ್ತಿದ್ದರು. ಕರಾವಳಿಯ ದಾರಿಯೆಂದರೆ ಹೊಳೆಗೊಂದು ತಡೆ. ಸೇತುವೆಗಳಾಗುವ ಮೊದಲು ಜಂಗಲಿನಲ್ಲಿ, ಎಂದರೆ ಜೋಡಿ ದೋಣಿಯ ತೆಪ್ಪದಲ್ಲಿ, ಬಸ್ಸು ದಾಟಿಸಬೇಕಿತ್ತು. ಇನ್ನು ರೈಲು. 1907ರಿಂದಲೇ ಮಂಗಳೂರಿಗೆ ರೈಲಿತ್ತು, ಆದರೆ ಅದು ಹೋಗುವುದು ತೆಂಕಣಕ್ಕೆ. ಬಡಗಣ ಬೊಂಬಾಯಿಗೆ ಹೋಗಬೇಕಾದವನು ಮೊದಲು ದಕ್ಷಿಣಕ್ಕೆ ಕೇರಳದ ಶೋರನೂರಿಗೆ ಇಳಿದು, ಪಾಲಕ್ಕಾಡಿನ ಕಣಿವೆ ದಾಟಿ, ತಮಿಳುನಾಡಿನ ಅರಕೋಣಂ, ಆಂಧ್ರದ ಗುಂತಕಲ್ಲು ಹಾಯ್ದು, ದೇಶದ ಅರ್ಧ ದಕ್ಷಿಣವನ್ನೇ ಬಳಸಿ ಹೋಗಬೇಕು. 2,041 ಕಿಲೋಮೀಟರ್, 41 ಗಂಟೆ.

ಹಾಗಾಗಿ ಬಸ್ಸು. ನಾನೂ ಹತ್ತೊಂಬತ್ತರ ಹರೆಯದಲ್ಲಿ ಮಾವನ ಹಿಂದೆಯೇ ಬಸ್ಸಿನಲ್ಲಿ ಹೋದೆ. ಹಗಲು ಒಂದು ಕಂಪೆನಿಯ ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ, ಸಂಜೆ ಕಾಲೇಜು. ಮಾವನ ಕೋಣೆಯಲ್ಲೇ ವಾಸ. ಅಲ್ಲಿ ಊರಿನ ಹುಡುಗರು ಸರದಿಯ ಮೇಲೆ ಮಲಗುವರು, ರಾತ್ರಿ ಪಾಳಿಯವರು ಎದ್ದ ಜಾಗಕ್ಕೆ ಹಗಲು ಪಾಳಿಯವರು. ಊರಿಗೆ ಹೋಗುವವನ ಪೆಟ್ಟಿಗೆ ಕಟ್ಟುವುದು ಇಡೀ ಕೋಣೆಯ ಕೆಲಸ. ಒಬ್ಬನ ಕೈಯಲ್ಲಿ ಹತ್ತು ಮನೆಗೆ ಸೀರೆ, ಟಾರ್ಚು, ಟೈಗರ್ ಬಾಮು, ಹಣ. ಬರುವಾಗ ಅದೇ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಒಣಮೀನು, ಮಾವಿನ ಮಿಡಿ. ಹೋದವನು ಒಂದು ತಿಂಗಳು ಊರಿನಲ್ಲಿರುತ್ತಿದ್ದ. ಹೋಗಿ ಬರುವ ದಾರಿಯೇ ಮೂರು ನಾಲ್ಕು ದಿನ ತಿನ್ನುವಾಗ ಅದಕ್ಕಿಂತ ಕಡಿಮೆ ರಜೆಗೆ ಹೋಗಿ ಪ್ರಯೋಜನವಿರಲಿಲ್ಲ.

1985ರ ಆಟಿ ತಿಂಗಳಲ್ಲಿ, ನಡು ಮಳೆಗಾಲದಲ್ಲಿ, ತಂತಿ ಬಂತು. ಅಜ್ಜಿಗೆ ತೀರಾ ಅಸೌಖ್ಯ, ಕೂಡಲೇ ಹೊರಡಿ ಎಂದು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೋಟೆಲಿಗೆ ಬಂದದ್ದು. ಮಾವ ಅದನ್ನು ಎರಡು ಸಲ ಓದಿ ಅಂಗಿಯ ಕಿಸೆಗೆ ಹಾಕಿಕೊಂಡು, ಗಲ್ಲೆಯ ಲೆಕ್ಕ ಒಪ್ಪಿಸಿ, ನನ್ನನ್ನು ಗೋದಾಮಿನಿಂದ ಕರೆಸಿಕೊಂಡರು. ಧಣಿಗಳು ಒಳ್ಳೆಯವರು, ವಿಮಾನದಲ್ಲಿ ಹೋಗುವುದಾದರೆ ಮುಂಗಡ ಕೊಡುತ್ತೇನೆ ಅಂದರಂತೆ. ಟಿಕೆಟಿನ ಹಣ ಮಾವನ ತಿಂಗಳ ಸಂಬಳಕ್ಕಿಂತ ಹೆಚ್ಚು. ಅಜ್ಜಿ ಹೋಗಿದ್ದರೆ ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಖರ್ಚಿಗೆ ಆ ಹಣ ಬೇಕಾಗುತ್ತದೆ ಎಂದು ಮಾವ ಲೆಕ್ಕ ಹಾಕಿದರು. ನಾವು ಸಯಾನಿನಲ್ಲಿ ಬಸ್ಸು ಹತ್ತಿದೆವು.

ಆ ಪ್ರಯಾಣ ನನಗೆ ಪೂರ್ತಿ ನೆನಪಿದೆ. ಖಂಡಾಲದ ಘಾಟಿಯಲ್ಲಿ ಮಳೆ, ಮುಂದಿನ ಲಾರಿಯ ಕೆಂಪು ದೀಪವೊಂದನ್ನು ಬಿಟ್ಟರೆ ಏನೂ ಕಾಣದು. ಅಲ್ಲೊಂದು ಲಾರಿ ಮಗುಚಿ ಎರಡು ಗಂಟೆ ನಿಂತೆವು. ಪುಣೆ ದಾಟಿ ಸಾತಾರಾ ಬರುವಾಗ ಸಂಜೆ. ಅಷ್ಟು ಹೊತ್ತು ಒಂದು ಮಾತೂ ಆಡದ ಮಾವ ಅಲ್ಲಿ ಚಹಾದ ಗ್ಲಾಸು ಕೈಯಲ್ಲಿ ಹಿಡಿದುಕೊಂಡು, "ವಿಮಾನ ಹತ್ತಿದವರು ಈಗ ಮನೆ ಮುಟ್ಟಿ ಸ್ನಾನವೂ ಮಾಡಿ ಆಯಿತು" ಅಂದರು. ಅಷ್ಟೇ. ಕೊಲ್ಹಾಪುರ, ಬೆಳಗಾವಿ ರಾತ್ರಿಯಲ್ಲಿ ಹೋದವು. ಹುಬ್ಬಳ್ಳಿಯಲ್ಲಿ ಬೆಳಗಾಯಿತು. ಯಲ್ಲಾಪುರದ ಕಾಡು, ಅರಬೈಲು ಘಟ್ಟ, ಕೆಳಗೆ ಅಂಕೋಲೆ. ಅಲ್ಲಿ ಬಸ್ಸಿನೊಳಕ್ಕೆ ಕಡಲಿನ ಗಾಳಿ ಬಂದಾಗ ಎಲ್ಲರೂ ಊರು ಬಂತೆಂಬಂತೆ ಎದ್ದು ಕೂತರು. ಆದರೆ ಅಂಕೋಲೆಯಿಂದ ನಾವು ಇಳಿಯುವ ಮೂಲ್ಕಿಗೆ ಇನ್ನೂ ಒಂದು ಹಗಲಿನ ಬಹುಪಾಲು ಇತ್ತು. ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ. ಒಂದೊಂದು ಊರಿನಲ್ಲೂ ಜನ ಇಳಿಯುವರು, ಅವರ ಸಾಮಾನು ಬಸ್ಸಿನ ಮೇಲಿನಿಂದ ಇಳಿಯುವುದು, ಒಬ್ಬರ ಗಂಟು ಇನ್ನೊಬ್ಬರದ್ದರ ಅಡಿಗೆ. ಮಾವ ಪ್ರತಿ ಸಲವೂ ಕೆಳಗಿಳಿದು ಸಾಮಾನು ಇಳಿಸಲು ಕೈಕೊಡುತ್ತಿದ್ದರು. ಬೇಗ ಆಗಲಿ ಎಂದು.

ನಾವು ಮುಟ್ಟುವಾಗ ಕತ್ತಲಾಗಿತ್ತು. ಹಿಂದಿನ ದಿನವೇ ಸಂಸ್ಕಾರ ಮುಗಿದಿತ್ತು. ಮಳೆಗಾಲದಲ್ಲಿ ಹೆಣ ಇಟ್ಟುಕೊಂಡು ಕಾಯುವುದು ಹೇಗೆ? ಮನೆಯವರದ್ದು ತಪ್ಪಲ್ಲ. ನಮ್ಮದು ಅಳಿಯಸಂತಾನದ ಮನೆ, ತಾಯಿಯ ಕಡೆಯಿಂದ ಹರಿದು ಬರುವ ಕುಟುಂಬ. ಅಂಥ ಮನೆಯ ಹಿರಿಯ ಗಂಡಸು ಅಮ್ಮನ ಮುಖ ನೋಡದೆ, ತೋಟದ ಮೂಲೆಯಲ್ಲಿ ಒದ್ದೆ ಬೂದಿಯ ಹತ್ತಿರ ಟಾರ್ಚು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ಹದಿಮೂರನೆಯ ದಿನದ ಬೊಜ್ಜ ಮುಗಿಸಿ ಮತ್ತೆ ಬಸ್ಸು ಹತ್ತಿದೆವು.

ಕೊಂಕಣ ರೈಲ್ವೆಯ ಬಗ್ಗೆ ನಾನು ಅಭಿಮಾನದಿಂದ ಮಾತಾಡುತ್ತೇನೆಂದು ಗೆಳೆಯರು ಹೇಳುವುದುಂಟು. ಹೌದು, ಅಭಿಮಾನವೇ. ಅದರ ಹಿಂದೆ ಆ ರಾತ್ರಿ ಇದೆ.

ಮಂಗಳೂರಿನಲ್ಲಿ ಹುಟ್ಟಿ ಬೊಂಬಾಯಿಯ ಕಾರ್ಮಿಕರ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸ್ 1989ರ ಕೊನೆಗೆ ರೈಲ್ವೆ ಮಂತ್ರಿಯಾದರು. ನಮ್ಮ ಜನರ ದಾರಿ ಎಂಥದ್ದೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು, ಇ. ಶ್ರೀಧರನ್ ಅದರ ಹೊಣೆ ಹೊತ್ತರು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ತೋಕೂರಿನವರೆಗೆ 741 ಕಿಲೋಮೀಟರ್, ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಕಡಲು, ನಡುವೆ ನೂರಾರು ಹೊಳೆ ಹಳ್ಳ. ರತ್ನಾಗಿರಿಯ ಹತ್ತಿರ ಕರಬುಡೆಯಲ್ಲಿ ಆರೂವರೆ ಕಿಲೋಮೀಟರ್ ಉದ್ದದ ಸುರಂಗ, ಹೊನ್ನಾವರದಲ್ಲಿ ಶರಾವತಿಗೆ ಎರಡು ಕಿಲೋಮೀಟರಿನಷ್ಟು ಸೇತುವೆ. ಗೋವದ ಪೆರ್ಣೆಯ ಸುರಂಗದಲ್ಲಿ ಮಣ್ಣು ಕುಸಿದು ಕುಸಿದು ಬಂದು ಎಲ್ಲ ಕೆಲಸ ಮುಗಿದರೂ ಅದೊಂದು ಉಳಿಯಿತು. 1993ರ ಮಾರ್ಚಿನಲ್ಲಿ ಮಂಗಳೂರು ಉಡುಪಿಯ ನಡುವೆ ಮೊದಲು ರೈಲು ಓಡಿತು. ಹಳಿ ಪೂರ್ತಿ ಕೂಡಿದ್ದು 1998ರ ಜನವರಿ 26ರಂದು. ಅದೇ ವರ್ಷದ ಮೇ ತಿಂಗಳಿನಲ್ಲಿ ಮುಂಬಯಿಗೂ ಮಂಗಳೂರಿಗೂ ನಡುವೆ ಮತ್ಸ್ಯಗಂಧ ರೈಲು ಹೊರಟಿತು. 2,041 ಕಿಲೋಮೀಟರ್ ಇದ್ದದ್ದು 914ಕ್ಕೆ ಇಳಿಯಿತು. 41 ಗಂಟೆ 15ಕ್ಕೆ.

ಮಧ್ಯಾಹ್ನ ಕುರ್ಲಾದಲ್ಲಿ ಹತ್ತಿದರೆ ಮರುದಿನ ಬೆಳಕು ಹರಿಯುವಾಗ ಮೂಲ್ಕಿ. ಎರಡನೆ ದರ್ಜೆಯ ಟಿಕೆಟು ಹೋಟೆಲಿನ ಹುಡುಗನ ಕೈಗೂ ಎಟಕುವ ಬೆಲೆಗೆ. ಮಲಗಿಕೊಂಡು ಬರಬಹುದು. ಶೌಚಾಲಯ ಇದೆ. ಹೆಂಗಸರಿಗೆ, ಮಕ್ಕಳಿಗೆ, ಮುದುಕರಿಗೆ ಇದು ಎಷ್ಟು ದೊಡ್ಡ ವಿಷಯವೆಂದು ಬಸ್ಸಿನ ಆ ದಿನಗಳನ್ನು ಕಂಡವರಿಗೆ ಗೊತ್ತು. ಆ ವರ್ಷ ದೀಪಾವಳಿಗೆ ಮಾವ ನಾಲ್ಕೇ ದಿನಕ್ಕೆಂದು ಊರಿಗೆ ಹೋಗಿ ಬಂದರು. ಅವರ ಆಯುಷ್ಯದಲ್ಲಿ ಅಂಥದ್ದು ಮೊದಲ ಸಲ. ಆಮೇಲೆ ಮನೆಯ ದೈವದ ತಂಬಿಲಕ್ಕೆ, ಊರಿನ ನೇಮಕ್ಕೆ, ತಂಗಿಯರ ಮನೆಯ ಮದುವೆಗಳಿಗೆ ಅವರು ತಪ್ಪಿಸಿದ್ದೇ ಇಲ್ಲ. ಯಜಮಾನನಿಲ್ಲದೆ ಹಿಂದೆಲ್ಲ ನಡೆದುಹೋಗಿದ್ದ ಕಾರ್ಯಗಳಿಗೆ ಈಗ ಯಜಮಾನ ಬಂದು ಕೂರುತ್ತಿದ್ದರು.

ವಿಮಾನ ಮಾವನಿಗೆ ಒದಗಿದ್ದು ಇನ್ನೂ ತಡವಾಗಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಅಗ್ಗದ ವಿಮಾನಗಳನ್ನು ಶುರುಮಾಡಿದ ಮೇಲೆ ಎಲ್ಲ ಕಂಪೆನಿಗಳ ದರವೂ ಇಳಿಯತೊಡಗಿತು. ಮುಂಚಿತವಾಗಿ ಕೊಂಡರೆ ರೈಲಿನ ಎಸಿ ಟಿಕೆಟಿನ ಸಮೀಪಕ್ಕೇ ಬರುವ ದರಗಳಿದ್ದವು. ಮಾವನಿಗೆ ಅಷ್ಟು ಹೊತ್ತಿಗೆ ಅರವತ್ತೈದು ದಾಟಿ ಮಂಡಿ ನೋವು. ಹೋಟೆಲಿನ ಕೆಲಸ ಬಿಟ್ಟು ಊರಿಗೆ ಮರಳುವವರಿದ್ದರು. ಆ ಕೊನೆಯ ಪ್ರಯಾಣಕ್ಕೆ ನಾನೇ ಇಬ್ಬರಿಗೂ ವಿಮಾನದ ಟಿಕೆಟು ತೆಗೆದೆ.

ಸಾಂತಾಕ್ರೂಜ್‌ನಲ್ಲಿ ಕಿಟಕಿಯ ಪಕ್ಕ ಕೂರಿಸಿದೆ. ಬಿಳಿ ಅಂಗಿ, ಮಡಚಿದ ಶಾಲು, ಕಾಲಿನ ಹತ್ತಿರ ಕೈಚೀಲ. ವಿಮಾನ ಏರಿ ಕಡಲಿನ ಅಂಚಿನಲ್ಲಿ ತೆಂಕಣಕ್ಕೆ ತಿರುಗಿತು. ಡಿಸೆಂಬರಿನ ನಿರ್ಮಲ ಬೆಳಗು, ಕರಾವಳಿ ಪೂರ್ತಿ ಕಾಣುತ್ತಿತ್ತು. ಮಾವ ಹಣೆಯನ್ನು ಗಾಜಿಗೆ ಒತ್ತಿಕೊಂಡು ನೋಡುತ್ತಲೇ ಇದ್ದರು. ನೀರು ಕೊಡಲು ಬಂದ ಹುಡುಗಿಯ ಕಡೆಗೂ ತಿರುಗಲಿಲ್ಲ. ಹೊಳೆಗಳು ಒಂದರ ಹಿಂದೆ ಒಂದು ಕಡಲಿಗೆ ಸೇರುವುದು ಕಾಣುತ್ತಿತ್ತು. ಅವರು ಜಂಗಲಿನಲ್ಲಿ ದಾಟಿದ ಹೊಳೆಗಳೂ ಅವುಗಳಲ್ಲಿ ಇದ್ದವು. ಇಳಿಯುತ್ತೇವೆ, ಬೆಲ್ಟು ಕಟ್ಟಿಕೊಳ್ಳಿ ಎಂದು ಘೋಷಣೆಯಾದಾಗ ಅವರು ನನ್ನ ಕಡೆ ತಿರುಗಿ, "ಬಂತಾ?" ಅಂದರು. ಹೌದು ಮಾವ, ಬಜ್ಪೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಮ್ಮ ಇಷ್ಟು ಹತ್ತಿರ ಇದ್ದರಾ ಮಗಾ?" ಅಂದರು.

ನಾನು ಉತ್ತರ ಕೊಡಲಿಲ್ಲ. ಅವರು ಉತ್ತರ ಬಯಸಿಯೂ ಇರಲಿಲ್ಲ. ಆದರೆ ಅಂದಿನಿಂದ ಯಾರಾದರೂ ಎರಡು ಊರುಗಳ ನಡುವೆ ಇಷ್ಟು ಗಂಟೆ, ಅಷ್ಟು ಗಂಟೆ ಎಂದರೆ, ಯಾರಿಗೆ ಎಂದು ಕೇಳಬೇಕೆನಿಸುತ್ತದೆ. ಅಜ್ಜಿ ತೀರಿಕೊಂಡ ಆ ದಿನವೂ ಮುಂಬಯಿಗೂ ಮಂಗಳೂರಿಗೂ ಒಂದೂವರೆ ಗಂಟೆಯೇ ಇತ್ತು. ವೇಳಾಪಟ್ಟಿಯಲ್ಲಿ ಹಾಗೆಯೇ ಅಚ್ಚಾಗಿತ್ತು. ಮಾವನ ಪಾಲಿಗೆ ಅದು ಒಂದೂವರೆ ದಿನ. ಎರಡೂ ಸತ್ಯ, ನಡುವೆ ಇದ್ದದ್ದು ಹಣ.

ಟಿಕೆಟಿನ ಒಂದೂವರೆ ಗಂಟೆಯಾದರೂ ಪೂರ್ತಿ ಹಾರಾಟವಲ್ಲ. ವಿಮಾನ ನಿಂತ ಜಾಗದಿಂದ ಹಿಂದೆ ಸರಿಯುವ ಗಳಿಗೆಯಿಂದ ಆ ಕಡೆಯ ಊರಿನಲ್ಲಿ ಬಂದು ನಿಲ್ಲುವ ಗಳಿಗೆಯವರೆಗಿನ ಲೆಕ್ಕ ಅದು. ಗಾಳಿಯಲ್ಲಿರುವುದು ಒಂದು ಗಂಟೆಯ ಆಚೀಚೆ. ಮುಂಬಯಿಯಲ್ಲಿ ಎರಡು ರನ್‌ವೇಗಳಿದ್ದರೂ ಅವು ಒಂದನ್ನೊಂದು ಅಡ್ಡ ಹಾಯುವುದರಿಂದ ಒಂದೇ ಹೊತ್ತಿಗೆ ಎರಡನ್ನೂ ಬಳಸಲಾಗದು. ಅದಕ್ಕೇ ಇಳಿಯುವ ಸರದಿಗಾಗಿ ವಿಮಾನಗಳು ಆಕಾಶದಲ್ಲಿ ಸುತ್ತುತ್ತವೆ. ಬಜ್ಪೆಯ ಕಷ್ಟ ಬೇರೆ. ಗುಡ್ಡದ ತಲೆ ಸಮತಟ್ಟು ಮಾಡಿ ಕಟ್ಟಿದ ನಿಲ್ದಾಣ, ಅಂಚಿನಾಚೆ ಕಣಿವೆ. ಹಳೆಯ ಗಿಡ್ಡ ರನ್‌ವೇಯ ಜೊತೆಗೆ 2006ರಲ್ಲಿ 2,450 ಮೀಟರಿನ ಹೊಸದು ಬಂತು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಆ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ತೀರಿಕೊಂಡರು, ಉಳಿದವರು ಎಂಟೇ ಮಂದಿ. ನಮ್ಮ ತಾಲೂಕಿನಲ್ಲಿ ಆ ವಾರ ಅಳು ಕೇಳದ ಊರಿರಲಿಲ್ಲ. ಬಹಳ ಕಾಲದವರೆಗೆ ನನ್ನ ಅಮ್ಮ ಫೋನಿನಲ್ಲಿ ಪ್ರತಿ ಸಲವೂ, "ರೈಲಿನಲ್ಲೇ ಬಾ, ಅವಸರ ಇಲ್ಲ" ಎನ್ನುತ್ತಿದ್ದರು.

ಮಳೆಗಾಲದ ಬಜ್ಪೆ ನನಗೂ ಒಮ್ಮೆ ಸಿಕ್ಕಿತು. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಜುಲೈ ತಿಂಗಳಲ್ಲಿ ಸಂಜೆಯ ವಿಮಾನ ಹಿಡಿದೆ. ಮಂಗಳೂರಿನ ಮೇಲೆ ಮೋಡ ತಗ್ಗಿ ರನ್‌ವೇ ಕಾಣದಾಯಿತು. ಪೈಲಟ್ ಬಹಳ ಹೊತ್ತು ಸುತ್ತಿಸಿ ಕೊನೆಗೆ ಬೆಂಗಳೂರಿಗೆ ಒಯ್ದು ಇಳಿಸಿದರು. ಅದು ಸರಿಯಾದ ತೀರ್ಮಾನ. ಅಲ್ಲಿಂದ ರಾತ್ರಿ ಬಸ್ಸು, ಶಿರಾಡಿ ಘಾಟಿ, ಹೊಂಡದ ರಸ್ತೆ. ಬೆಳಗ್ಗೆ ಆಸ್ಪತ್ರೆ ಮುಟ್ಟಿದಾಗ ಅಮ್ಮ ಎದ್ದು ಕೂತು ಗಂಜಿ ಕುಡಿಯುತ್ತಿದ್ದರು. ಹಿಂದಿನ ದಿನ ಮಧ್ಯಾಹ್ನದ ಮತ್ಸ್ಯಗಂಧದಲ್ಲಿ ಹೊರಟ ನನ್ನ ತಮ್ಮ ಆಗಲೇ ಅವರ ಮಂಚದ ಹತ್ತಿರ ಕೂತಿದ್ದ.

ರೈಲಿಗೂ ಮಳೆಯ ಪೆಟ್ಟು ಇಲ್ಲದಿಲ್ಲ. 2003ರ ಜೂನಿನಲ್ಲಿ ವೈಭವವಾಡಿಯ ಬಳಿ, ಮರುವರ್ಷದ ಜೂನಿನಲ್ಲಿ ಕಾರಂಜಾಡಿಯ ಬಳಿ ಗುಡ್ಡದ ಬಂಡೆ ಹಳಿಗೆ ಬಿದ್ದು ಜನ ಸತ್ತರು. ಎರಡನೆಯದು ಮತ್ಸ್ಯಗಂಧವೇ. ಈಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿ, ವೇಗ ಕಡಿಮೆ, ಹಳಿಯುದ್ದಕ್ಕೂ ಕಾವಲು. ಮಳೆಯಲ್ಲಿ ಟಾರ್ಚು ಹಿಡಿದು ಹಳಿ ನಡೆಯುವ ಆ ಜನರಿಂದಾಗಿ ನಾವು ನಿದ್ದೆ ಮಾಡಿಕೊಂಡು ಊರು ಸೇರುತ್ತೇವೆ. ಅವರಿಗೆ ನಮ್ಮ ಕರಾವಳಿ ಋಣಿ.

ಇಂದಿನ ಮಕ್ಕಳ ಲೆಕ್ಕ ಬೇರೆ, ಇರಲಿ. ಮುಂಬಯಿಯ ಪೊವಾಯಿಯಲ್ಲಿ ಕೆಲಸಕ್ಕಿರುವ ನನ್ನ ಸೊಸೆ, ತಂಗಿಯ ಮಗಳು, ಶನಿವಾರ ಬೆಳಗ್ಗಿನ ವಿಮಾನದಲ್ಲಿ ಬಂದು ರಾತ್ರಿ ನೇಮ ನೋಡಿ ಭಾನುವಾರ ಸಂಜೆ ಹೊರಟುಬಿಡುತ್ತಾಳೆ. "ಬಂದದ್ದು ಗೊತ್ತಾಗುವ ಮೊದಲೇ ಹೋದಳು" ಎಂದು ಅಮ್ಮ ಬೇಸರ ಮಾಡಿಕೊಳ್ಳುತ್ತಾರೆ. ನನಗೆ ಬೇಸರವಿಲ್ಲ. ಮೂರು ವರ್ಷಕ್ಕೊಮ್ಮೆ ಬಂದು ತಿಂಗಳು ಇರುವುದಕ್ಕಿಂತ, ದೈವದ ಎದುರು ವರ್ಷಕ್ಕೊಮ್ಮೆಯಾದರೂ ಮನೆಯವರ ಸಾಲಿನಲ್ಲಿ ನಿಲ್ಲುವುದು ಮೇಲು. ಹಿಂದೆ ಉಳಿದುಬಿಡುವ ಒಂದೇ ಸಂಗತಿಯೆಂದರೆ ಚೀಲ. ವಿಮಾನದಲ್ಲಿ ಹದಿನೈದು ಕಿಲೋ. ಹತ್ತು ಮನೆಯ ಗಂಟು ಹೊರುವ ಆ ಹಳೆಯ ಪೆಟ್ಟಿಗೆಗೆ ಅಲ್ಲಿ ಜಾಗವಿಲ್ಲ. ಕುಚ್ಚಲಕ್ಕಿಯ ಮೂಟೆ, ತೆಂಗಿನಕಾಯಿ, ಹಪ್ಪಳದ ಡಬ್ಬಿ ಇವತ್ತಿಗೂ ಮುಂಬಯಿಗೆ ಹೋಗುವುದು ರೈಲಿನ ಸೀಟಿನ ಅಡಿಯಲ್ಲೇ.

ಮಾವ ಊರಿಗೆ ಮರಳಿ ಬಹಳ ವರ್ಷ ನೆಮ್ಮದಿಯಾಗಿದ್ದು ತೀರಿಕೊಂಡರು. ಆ ದಿನ ಅವರು ಸಾಕಿ ಬೆಳೆಸಿದ ಹೋಟೆಲಿನ ಹುಡುಗರು, ಈಗ ಅವರೂ ಮಧ್ಯವಯಸ್ಕರು, ಕೆಲವರು ವಿಮಾನದಲ್ಲಿ, ಹೆಚ್ಚಿನವರು ರೈಲಿನಲ್ಲಿ ಬಂದರು. ಎಲ್ಲರೂ ಮುಖ ನೋಡಿದ ಮೇಲೆಯೇ ಸಂಸ್ಕಾರವಾಯಿತು.

ಮುಂಬಯಿಯನ್ನು ನಮ್ಮ ಊರಿಗೆ ಹತ್ತಿರ ತಂದದ್ದು ಯಾವುದು ಎಂದು ಕೇಳಿದರೆ, ನಾನು ವಿಮಾನ ಎನ್ನುವುದಿಲ್ಲ. ಅರ್ಧ ಶತಮಾನ ಅದು ನಮ್ಮ ತಲೆಯ ಮೇಲೆಯೇ ಹಾರಿಕೊಂಡು ಹೋಗಿತ್ತು. ಹತ್ತಿರ ತಂದದ್ದು ರೈಲು. ಹಬ್ಬದ ಹೊತ್ತಿಗೆ, ಮೇ ರಜೆಗೆ ವಿಮಾನದ ದರ ಮೂರು ಪಟ್ಟು ಏರಿದಾಗ ಬಡವರಿಗೆ ಉಳಿಯುವುದು ಈಗಲೂ ಅದೊಂದೇ. ಬುಕಿಂಗ್ ತೆರೆದ ಕೆಲವೇ ನಿಮಿಷಗಳಲ್ಲಿ ಆ ಸೀಟುಗಳು ಮುಗಿದುಹೋಗುತ್ತವೆ. ಇನ್ನೊಂದು ರೈಲು ಬಿಡಿ ಎಂದರೆ, ಒಂಟಿ ಹಳಿಯಲ್ಲಿ ಜಾಗವಿಲ್ಲ ಎನ್ನುತ್ತಾರೆ. ಅದು ಸುಳ್ಳಲ್ಲ. ಎದುರಿನ ಗಾಡಿಗಾಗಿ ಕಾಡಿನ ನಡುವಿನ ಸ್ಟೇಷನ್ನುಗಳಲ್ಲಿ ಕಾದು ನಿಂತ ಯಾರಿಗಾದರೂ ಅದು ಗೊತ್ತು. ರೋಹಾದಿಂದ ವೀರ್‌ವರೆಗಿನ ಸುಮಾರು 47 ಕಿಲೋಮೀಟರಿಗೆ 2021ರಲ್ಲಿ ಎರಡನೆಯ ಹಳಿ ಬಂತು. 2022ರಲ್ಲಿ ಇಡೀ ದಾರಿಗೆ ವಿದ್ಯುತ್ತೂ ಬಂತು. ಇನ್ನು ವೀರ್‌ನಿಂದ ತೋಕೂರಿನವರೆಗೂ ಆ ಎರಡನೆಯ ಹಳಿ ಬರಬೇಕು. ನಮ್ಮ ಸಂಸದರು, ಶಾಸಕರು, ಮುಂಬಯಿಯ ತುಳು ಕನ್ನಡ ಸಂಘಗಳು ಎಲ್ಲರೂ ಸೇರಿ ಬೇರೆಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಅದನ್ನೇ.